ಪದವಿಯ ಋಣ

ಬೆಳಗಿನ ಜಾವದಲ್ಲಿ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಬಸ್ ನಿಲ್ದಾಣಗಳಲ್ಲಿ ಬುತ್ತಿಯ ಚೀಲ ಹಿಡಿದ ತರುಣ ತರುಣಿಯರು ಬೆಂಗಳೂರಿಗೆ ಹೊರಟು ನಿಂತಿರುತ್ತಾರೆ. ಅವರಲ್ಲಿ ಹಲವರು ತಾಂತ್ರಿಕ ಶಿಕ್ಷಣದ ಪದವೀಧರರು. ಓದಿಗಾಗಿ ಮನೆಯವರು ಸಾಲ ಮಾಡಿದ್ದಾರೆ. ಹೊಲದ ಕೊಳವೆಬಾವಿ ಬತ್ತಿದೆ. ತಮ್ಮ ತಂಗಿಯರ ಓದು ಇನ್ನೂ ಮುಗಿದಿಲ್ಲ. ಆದುದರಿಂದ ಅವರ ಮೊದಲ ಗುರಿ ಒಂದು ಉದ್ಯೋಗ. ಅದು ನ್ಯಾಯವಾದ ಗುರಿಯೇ. ಆದರೆ ಉದ್ಯೋಗ ದೊರೆತು, ಸಾಲ ತೀರಿದ ಮೇಲೆ ಮುಂದೇನು?

ಈ ಪ್ರಶ್ನೆಗೆ ಇದೇ ಸೀಮೆಯ ಹಳೆಯ ಪದವೀಧರರೊಬ್ಬರು ತಮ್ಮ ಬಾಳಿನಿಂದಲೇ ಉತ್ತರ ಕೊಟ್ಟರು. ಅವರೇ ಸರ್ ಎಂ. ವಿಶ್ವೇಶ್ವರಯ್ಯನವರು. ಅವರ ಹುಟ್ಟೂರು ಮುದ್ದೇನಹಳ್ಳಿ. ಇಂದು ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿರುವ ಆ ಊರು ಅಂದು ಕೋಲಾರ ಜಿಲ್ಲೆಗೆ ಸೇರಿತ್ತು. ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡ ಬಾಲಕ ಬೆಂಗಳೂರಿನಲ್ಲಿ ಮನೆಪಾಠ ಹೇಳಿ, ತನ್ನ ಓದಿನ ದಾರಿಯನ್ನು ತಾನೇ ಮಾಡಿಕೊಂಡನು. ಸೆಂಟ್ರಲ್ ಕಾಲೇಜಿನಲ್ಲಿ 1881ರಲ್ಲಿ ಬಿ.ಎ. ಪದವಿ ದೊರೆಯಿತು. ಮುಂದೆ ಮೈಸೂರು ಸರ್ಕಾರದ ನೆರವಿನಿಂದ ಪುಣೆಗೆ ಹೋಗಿ ಎಂಜಿನಿಯರಿಂಗ್ ಕಲಿತು, 1883ರ ಪರೀಕ್ಷೆಯಲ್ಲಿ ಮೊದಲಿಗನಾಗಿ ತೇರ್ಗಡೆ ಹೊಂದಿದನು. ಮರುವರ್ಷವೇ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸ ಸಿಕ್ಕಿತು.

ಒಂದು ಬಡ ಸಂಸಾರದ ಮಗನಿಗೆ ಅಷ್ಟೇ ಸಾಕಾಗಬಹುದಿತ್ತು. ಆದರೆ ಅವರಿಗೆ ಉದ್ಯೋಗವು ಬಾಗಿಲಾಯಿತೇ ಹೊರತು ಮನೆಯಾಗಲಿಲ್ಲ. ಖಡಕ್‌ವಾಸ್ಲಾ ಜಲಾಶಯಕ್ಕೆ, ನೀರು ಏರಿದಾಗ ತಾನಾಗಿ ತೆರೆದುಕೊಂಡು, ಇಳಿದಾಗ ತಾನಾಗಿ ಮುಚ್ಚಿಕೊಳ್ಳುವ ಬಾಗಿಲುಗಳನ್ನು ರೂಪಿಸಿದರು. ತಮ್ಮನ್ನು ಓದಿಸಿದ ಸಂಸ್ಥಾನಕ್ಕೆ 1909ರಲ್ಲಿ ಮುಖ್ಯ ಎಂಜಿನಿಯರಾಗಿ ಹಿಂದಿರುಗಿದರು, 1912ರಲ್ಲಿ ದಿವಾನರಾದರು. ಕನ್ನಂಬಾಡಿಯ ಕಟ್ಟೆಯ ಜೊತೆಗೇ ಅವರು ಶಾಲೆಗಳ ಚಿಂತೆಯನ್ನೂ ಹೊತ್ತರು. ಅವರ ಆಡಳಿತದಲ್ಲಿ, 1916ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯವೂ ಮರುವರ್ಷ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜೂ ಆರಂಭವಾದವು. ತಾವು ಓದಲು ಪರಸ್ಥಳಕ್ಕೆ ಹೋಗಬೇಕಾಗಿದ್ದ ವಿದ್ಯೆಯನ್ನು ನಾಡಿನ ಮಕ್ಕಳಿಗೆ ನಾಡಿನಲ್ಲೇ ದೊರಕಿಸಿದರು. ಋಣ ತೀರಿಸುವ ಬಗೆ ಇದು.

ಈ ಋಣವನ್ನು ಯಂತ್ರವಿದ್ಯೆಯಿಂದಲೇ ತೀರಿಸಬೇಕೆಂಬ ನಿಯಮವಿಲ್ಲ. ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಎಂ.ಎ. ಪದವಿ ಪಡೆದು ಸರ್ಕಾರದ ಅಧಿಕಾರಿಯಾದರು. ಕಚೇರಿಯ ಹೊಣೆ ಹೊತ್ತುಕೊಂಡೇ ಕನ್ನಡದ ಸಣ್ಣಕಥೆಯನ್ನು ಬೆಳೆಸಿದರು. ಮುಳಬಾಗಿಲಿನ ಡಿ.ವಿ. ಗುಂಡಪ್ಪನವರಿಗೆ ಪದವಿಯೇ ಇರಲಿಲ್ಲ. ಆದರೂ ಪತ್ರಿಕೆಗಳಿಂದಲೂ, 1945ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯಿಂದಲೂ ಜನರಿಗೆ ವಿವೇಕವನ್ನು ಹಂಚಿದರು.

ಇಂದಿನ ತರುಣರ ಮುಂದೆಯೂ ಕೆಲಸ ಕಾದಿದೆ. ಕೋಲಾರದ ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ, ಕೆರೆಗಳೇ ಆಧಾರ. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ಇಲ್ಲಿನ ಕೆರೆಗಳಿಗೆ ಹರಿಸುವ ಯೋಜನೆ 2018ರಲ್ಲಿ ಮೊದಲಾಯಿತು. ಬತ್ತಿದ ಕೆರೆಗಳಲ್ಲಿ ನೀರು ನಿಂತಿತು. ಆ ನೀರು ಎಷ್ಟು ಶುದ್ಧ ಎಂಬ ಪ್ರಶ್ನೆಯೂ ಎದ್ದಿತು. ಅದಕ್ಕೆ ಉತ್ತರ ಹೇಳಬೇಕಾದವರು ಯಾರು? ನೀರನ್ನು ಪರೀಕ್ಷಿಸಬಲ್ಲ, ಲೆಕ್ಕ ಹಾಕಬಲ್ಲ, ಸತ್ಯವನ್ನು ರೈತನಿಗೆ ಅವನ ಮಾತಿನಲ್ಲೇ ತಿಳಿಸಬಲ್ಲ ವಿದ್ಯಾವಂತರಲ್ಲವೇ?

ಬೆಳಗಿನ ಬಸ್ಸು ತರುಣರನ್ನು ನಗರಕ್ಕೆ ಒಯ್ಯಲಿ. ಅವರು ಕಲಿತ ವಿದ್ಯೆ ಮಾತ್ರ ಒಂದಲ್ಲ ಒಂದು ರೂಪದಲ್ಲಿ ಊರಿನ ಕೆರೆಯ ದಂಡೆಗೆ ಹಿಂದಿರುಗಲಿ.