ರಸ್ತೆಯ ಮೇಲಿನ ಗೆರೆಯೂ ನಮ್ಮ ಹೊಣೆಯೂ

ದಾರಿಯಲ್ಲಿ ಬಿದ್ದಿರುವ ಕಲ್ಲು ಮುಳ್ಳುಗಳನ್ನು ಸರಿಸುವುದು ಒಂದು ದಾನವೆಂದೂ ಅದು ಸತ್ಯವಿಶ್ವಾಸದ ಕವಲುಗಳಲ್ಲಿ ಒಂದೆಂದೂ ಪ್ರವಾದಿ(ಸ) ಕಲಿಸಿಕೊಟ್ಟಿರುವುದನ್ನು ನಾವು ಮದ್ರಸಾದ ದಿನಗಳಿಂದಲೇ ಬಲ್ಲೆವು. ಆದರೆ ದಾರಿಹೋಕರಿಗೆ ತೊಂದರೆ ಕೊಡುವ ವಸ್ತು ಕಲ್ಲೂ ಅಲ್ಲದೆ, ಮುಳ್ಳೂ ಅಲ್ಲದೆ, ಒಳ್ಳೆಯ ಉದ್ದೇಶದಿಂದ ನಾವೇ ಎಳೆಸಿದ ಒಂದು ಬಿಳಿಗೆರೆಯಾಗಿದ್ದರೆ? ಅಂತಹ ಗೆರೆಯನ್ನು ತೆಗೆಯಬೇಕೆಂಬುದನ್ನು ಅರಿಯಲು ನಮಗೆ ಒಬ್ಬ ಬಡವನ ಮುರಿದ ಮೂಳೆ ಬೇಕಾಯಿತು. ನಮ್ಮ ಜಮಾಅತಿನ ಯುವಕರು ಮಾಡಿದ ತಪ್ಪನ್ನು ಇಲ್ಲಿ ಹೇಳಿಕೊಳ್ಳುತ್ತಿರುವುದು, ಇದನ್ನೋದಿದ ಇನ್ನೊಂದು ಊರಿನವರು ಅದೇ ತಪ್ಪನ್ನು ಮಾಡದಿರಲಿ ಎಂಬ ಉದ್ದೇಶದಿಂದ.

2020ರ ಜೂನ್ 8ರಂದು ಮಸೀದಿಗಳ ಬಾಗಿಲುಗಳು ಮತ್ತೆ ತೆರೆದಾಗ, ಪರಸ್ಪರ ಅಂತರ ಕಾಯುವುದು ಎಲ್ಲರ ಕರ್ತವ್ಯವಾಗಿತ್ತು. ಒಳಾಂಗಣದಲ್ಲಿ ನಾವು ಅಂಟುಪಟ್ಟಿಗಳಿಂದ ಗುರುತು ಮಾಡಿದೆವು. ಸ್ಥಳ ಸಾಲದೆ ಶುಕ್ರವಾರಗಳಂದು ಜನರು ಹೊರಗೆ ರಸ್ತೆಯಂಚಿನಲ್ಲಿ ಸರದಿ ನಿಲ್ಲಬೇಕಾಗುತ್ತಿತ್ತು. ನಮ್ಮ ಮಸೀದಿಯು ಪೇಟೆಯಿಂದ ಬರುವವರ ಬಲಬದಿಗಿದೆ. ರಸ್ತೆ ಕಿರಿದು. ಸರದಿಯಲ್ಲಿ ನಿಂತ ವೃದ್ಧರಿಗೆ ವಾಹನ ತಾಗಬಾರದೆಂದು, ಆ ವರ್ಷ ಮಳೆಗಾಲ ಮುಗಿದ ಮೇಲೆ, ಹತ್ತಿರದಲ್ಲಿ ಕೆಲಸ ಮಾಡುತ್ತಿದ್ದ ಗುತ್ತಿಗೆದಾರರೊಬ್ಬರನ್ನು ಕೋರಿಕೊಂಡು, ವಾಹನಗಳನ್ನು ಎಡಗಡೆಯ ಅಗಲವಾದ ಡಾಂಬರು ಅಂಚಿಗೆ ಕಳುಹಿಸುವ ಓರೆಗೆರೆಯೊಂದನ್ನೂ ಬಾಣದ ಗುರುತೊಂದನ್ನೂ ಹಾಕಿಸಿದೆವು. ಅಂದು ಅದು ಸರಿಯಾದ ಕೆಲಸವಾಗಿತ್ತು. ಅನೇಕರು ನಮ್ಮನ್ನು ಪ್ರಶಂಸಿಸಿದರು.

ಕಾಲ ಬದಲಾಯಿತು. 2021ರ ಅಕ್ಟೋಬರ್ 17ರಂದು ಮಕ್ಕಾದ ಮಸ್ಜಿದುಲ್ ಹರಾಮಿನಲ್ಲಿ ಅಂತರ ಸೂಚಿಸುತ್ತಿದ್ದ ನೆಲದ ಗುರುತುಗಳನ್ನು ಕೆಲಸಗಾರರು ಕಿತ್ತು ತೆಗೆದ ದೃಶ್ಯವನ್ನು ನಾವೆಲ್ಲ ಕಣ್ತುಂಬಿಕೊಂಡು ನೋಡಿದೆವು. ಜನರು ಮತ್ತೆ ಹೆಗಲಿಗೆ ಹೆಗಲು ತಾಗಿಸಿ ನಮಾಝಿಗೆ ನಿಂತರು. ನಮ್ಮಲ್ಲಿಯೂ ನಿರ್ಬಂಧಗಳು ಸಡಿಲಗೊಂಡಾಗ ಒಳಾಂಗಣದ ಅಂಟುಪಟ್ಟಿಗಳನ್ನು ಮಕ್ಕಳು ಒಂದೇ ಸಂಜೆಯಲ್ಲಿ ಕಿತ್ತುಹಾಕಿದರು. ಹೊರಗಿನ ಗೆರೆಯನ್ನು ಮಾತ್ರ ಯಾರೂ ನೆನೆಯಲಿಲ್ಲ.

ಕೆಲವು ತಿಂಗಳುಗಳ ಬಳಿಕ ಅದೇ ಎಡ ಅಂಚನ್ನು ಅಗೆದು ಕಾಂಕ್ರೀಟಿನ ಚರಂಡಿಯನ್ನು ಕಟ್ಟಲಾಯಿತು. ಅದರ ಮೇಲೆ ಚಪ್ಪಡಿ ಹಾಸಿರಲಿಲ್ಲ. ಹಿಂದೆ ವೃದ್ಧರನ್ನು ಕಾಪಾಡುತ್ತಿದ್ದ ನಮ್ಮ ಬಾಣವು ಈಗ ವಾಹನಗಳನ್ನು ನೇರವಾಗಿ ಚರಂಡಿಯ ಕಡೆಗೆ ಕರೆಯುತ್ತಿತ್ತು. ಹಿರಿಯರೊಬ್ಬರು ಅದನ್ನು ಎತ್ತಿ ಹೇಳಿದಾಗ ನಾವು ಒಂದು ಡಬ್ಬ ಕಪ್ಪು ಬಣ್ಣ ತಂದು ಗೆರೆಯ ಮೇಲೆ ಬಳಿದೆವು. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ಹಗಲಿನಲ್ಲಿ ನೋಡಿದರೆ ಅಲ್ಲೊಂದು ಗೆರೆಯಿತ್ತೆಂದು ಯಾರೂ ಹೇಳುವಂತಿರಲಿಲ್ಲ. ನಾವು ನೆಮ್ಮದಿಯಿಂದ ಮನೆಗೆ ಹೋದೆವು.

2022ರ ಜೂನ್ ತಿಂಗಳ ಒಂದು ಮುಂಜಾನೆ, ಜಡಿಮಳೆಯ ನಡುವೆ ಫಜ್ರ್ ನಮಾಝ್ ಮುಗಿಸಿ ಹೊರಬಂದಾಗ ಚರಂಡಿಯ ಕಡೆಯಿಂದ ನರಳುವ ದನಿ ಕೇಳಿಸಿತು. ಬಂದರಿಗೆ ಮೀನು ತರಲು ಹೊರಟಿದ್ದ ವ್ಯಾಪಾರಿಯೊಬ್ಬರು ತಮ್ಮ ಮೊಪೆಡ್ ಸಮೇತ ಬಿದ್ದಿದ್ದರು. ಅವರು ನಮ್ಮ ಜಮಾಅತಿನವರಲ್ಲ. ಆದರೆ ಆ ರಸ್ತೆಯಲ್ಲಿ ಅವರನ್ನು ಕಾಣದ ದಿನವಿರಲಿಲ್ಲ. ಮೇಲೆತ್ತುವಾಗ ಅವರು ಮತ್ತೆ ಮತ್ತೆ ಹೇಳುತ್ತಿದ್ದುದು ಒಂದೇ ಮಾತು: "ಗೆರೆ ನೋಡಿಕೊಂಡೇ ಬಂದೆ." ಅವರ ಕೊರಳೆಲುಬು ಮುರಿದಿತ್ತು.

ನಾವು ತಿರುಗಿ ರಸ್ತೆಯನ್ನು ನೋಡಿದೆವು. ಬೀದಿದೀಪದ ಬೆಳಕಿನಲ್ಲಿ, ನೆನೆದ ಡಾಂಬರಿನ ಮೇಲೆ, ನಾವು ಮುಚ್ಚಿದ್ದ ಗೆರೆಯೂ ಬಾಣವೂ ಸ್ಪಷ್ಟವಾಗಿ ಹೊಳೆಯುತ್ತಿದ್ದವು.

ಹೀಗೇಕಾಯಿತೆಂಬುದನ್ನು ಅನಂತರ ತಿಳಿದವರಿಂದ ಕೇಳಿ ಅರಿತುಕೊಂಡೆವು. ರಸ್ತೆಯ ಬಿಳಿಗೆರೆ ಸಾಮಾನ್ಯವಾಗಿ ಗೋಡೆಗೆ ಬಳಿಯುವಂತಹ ಬಣ್ಣವಲ್ಲ. ಅದು ಥರ್ಮೋಪ್ಲಾಸ್ಟಿಕ್ ಎಂಬ ರಾಳದ ಮಿಶ್ರಣ. ಅದನ್ನು ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿಸಿ ಎರೆಯುತ್ತಾರೆ. ನಮ್ಮ ದೇಶದ ರಸ್ತೆಗಳಲ್ಲಿ ಅದರ ದಪ್ಪ ಸಾಮಾನ್ಯವಾಗಿ 2.5 ಮಿಲಿಮೀಟರ್. ವಾಹನದ ಬೆಳಕನ್ನು ಚಾಲಕನ ಕಣ್ಣಿಗೇ ಮರಳಿಸುವ ಸಣ್ಣ ಗಾಜಿನ ಮಣಿಗಳು ಅದರಲ್ಲಿರುತ್ತವೆ. ರಸ್ತೆಯ ಮಟ್ಟಕ್ಕಿಂತ ಅದು ಉಬ್ಬಿರುವುದರಿಂದ, ಮೇಲೆ ಬಳಿದ ಕಪ್ಪನ್ನು ಚಕ್ರಗಳು ಮೊದಲು ಅಲ್ಲಿಯೇ ಸವೆಸುತ್ತವೆ. ಸವೆಯದೆ ಉಳಿದ ಕಪ್ಪು ಕೂಡ ನುಣುಪಾಗಿರುವುದರಿಂದ, ಒದ್ದೆಯಾದಾಗ ಒರಟು ಡಾಂಬರಿಗಿಂತ ಹೆಚ್ಚು ಹೊಳೆದು ಮತ್ತೊಂದು ಗೆರೆಯಂತೆಯೇ ಕಾಣುತ್ತದೆ. ಅಳಿಸಿದ ಮೇಲೂ ಹೀಗೆ ಕಾಣಿಸಿಕೊಳ್ಳುವ ಗುರುತನ್ನು ಆ ಕೆಲಸದವರು ಭೂತಗೆರೆ ಎನ್ನುತ್ತಾರೆ. ಅಮೆರಿಕದ ಸಂಚಾರ ಸಂಕೇತಗಳ ಅಧಿಕೃತ ಕೈಪಿಡಿಯು, ಕಪ್ಪು ಬಣ್ಣ ಬಳಿಯುವುದನ್ನು ಗೆರೆ ತೆಗೆದದ್ದಕ್ಕೆ ಸಮನೆಂದು ಒಪ್ಪಲಾಗದೆಂದು ಸ್ಪಷ್ಟವಾಗಿ ಹೇಳಿದೆಯಂತೆ. ನಾವು ಅರ್ಧ ಗಂಟೆಯಲ್ಲಿ ಮುಗಿಸಿದ ಕೆಲಸ ಅದೇ ಆಗಿತ್ತು.

ಮೊದಲ ಎರಡು ದಿನ ನಾವು ಯಾರಿಗೂ ಏನನ್ನೂ ಹೇಳಲಿಲ್ಲ. ಮಳೆ, ಕತ್ತಲೆ, ಚಪ್ಪಡಿಯಿಲ್ಲದ ಚರಂಡಿ, ಹೀಗೆ ದೂರಲು ಕಾರಣಗಳು ಬೇಕಾದಷ್ಟಿದ್ದವು. ಆದರೆ ಮನುಷ್ಯರ ಹಕ್ಕಿಗೆ ಸಂಬಂಧಿಸಿದ ತಪ್ಪು ಬರಿಯ ಇಸ್ತಿಗ್ಫಾರಿನಿಂದ ತೀರುವುದಿಲ್ಲ. ನೊಂದವನ ಬಳಿಗೇ ಹೋಗಿ ಒಪ್ಪಿಕೊಳ್ಳಬೇಕು. ಮೂರನೆಯ ದಿನ ನಾವು ನಾಲ್ವರು ಅವರ ಮನೆಗೆ ಹೋದೆವು. ಗೆರೆ ಎಳೆಸಿದವರು ನಾವು, ತೆಗೆಯದೆ ಮುಚ್ಚಿದವರೂ ನಾವು ಎಂದು ಹೇಳಿದೆವು. ಆಸ್ಪತ್ರೆಯ ವೆಚ್ಚವನ್ನೂ ಕೆಲಸವಿಲ್ಲದ ದಿನಗಳ ಸಂಪಾದನೆಯನ್ನೂ ಭರಿಸುವುದಾಗಿ ಹೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದರು. ಬಳಿಕ ಕೇಳಿದರು: "ಆ ಗೆರೆ ಈಗಲೂ ಇದೆಯಾ?"

ಗೆರೆ ಆಗಲೂ ಇತ್ತು. ಕ್ಷಮೆ ಕೇಳಲು ಹೋದ ನಾವು, ಕೇಡಿನ ಮೂಲವನ್ನು ಹಾಗೆಯೇ ಬಿಟ್ಟು ಹೋಗಿದ್ದೆವು. ಆ ನಾಚಿಕೆ ಇಂದಿಗೂ ನಮ್ಮನ್ನು ಬಿಟ್ಟಿಲ್ಲ.

ಅಂದೇ ಸಂಜೆ ಚರಂಡಿಯ ಮುಂದೆ ಬೆಳಕಿಗೆ ಮಿನುಗುವ ಪಟ್ಟಿ ಸುತ್ತಿದ ಪೀಪಾಯಿಗಳನ್ನು ಇಟ್ಟೆವು. ಡಾಂಬರಿನ ಬಣ್ಣದ, ಹೊಳಪಿಲ್ಲದ ಅಂಟುಪಟ್ಟಿಯಿಂದ ಗುರುತನ್ನು ತಾತ್ಕಾಲಿಕವಾಗಿ ಮರೆಮಾಡಬಹುದಾದರೂ, ಅಂತಹ ಮಳೆಯಲ್ಲಿ ಅದು ಅಂಟಿ ನಿಲ್ಲುವಂತಿರಲಿಲ್ಲ. ಸ್ಥಳೀಯ ಆಡಳಿತಕ್ಕೆ ಲಿಖಿತವಾಗಿ ಎಲ್ಲವನ್ನೂ ತಿಳಿಸಿ, ಗೆರೆಯನ್ನು ನಮ್ಮ ಖರ್ಚಿನಲ್ಲಿ ತೆಗೆಸಲು ಅನುಮತಿ ಪಡೆದೆವು. ಆಮೇಲೆ, ತೆಗೆಯುವುದು ಹೇಗೆ ಎಂಬ ಪ್ರಶ್ನೆ ಎದುರಾಯಿತು. ಒಬ್ಬೊಬ್ಬರು ಒಂದೊಂದು ಉಪಾಯ ಹೇಳಿದರು.

ಪೆಟ್ರೋಲ್ ಅಥವಾ ಥಿನ್ನರ್ ಸುರಿದು ಉಜ್ಜೋಣವೆಂದರು ಒಬ್ಬರು. ಡಾಂಬರು ಕೂಡ ಕಲ್ಲೆಣ್ಣೆಯಿಂದಲೇ ಬಂದದ್ದು; ಗೆರೆ ಹೋಗುವ ಮೊದಲು ರಸ್ತೆಯೇ ಮೆತ್ತಗಾಗಿ ಜಲ್ಲಿ ಏಳುತ್ತದೆ. ತೊಳೆದ ನೀರು ಚರಂಡಿಯ ಮೂಲಕ ಹೊಳೆ ಸೇರುತ್ತದೆ. ಗ್ಯಾಸಿನ ಬೆಂಕಿಯಿಂದ ಕಾಯಿಸಿ ಕೆರೆಯೋಣವೆಂದರು ಇನ್ನೊಬ್ಬರು. ಥರ್ಮೋಪ್ಲಾಸ್ಟಿಕ್ ಮೆತ್ತಗಾಗಲು ಸುಮಾರು 100 ಡಿಗ್ರಿ ಬೇಕು. ನಮ್ಮ ರಸ್ತೆಗಳಿಗೆ ಬಳಸುವ ಸಾಮಾನ್ಯ ದರ್ಜೆಯ ಡಾಂಬರಿಗೆ ನಿಗದಿಪಡಿಸಿರುವ ಕನಿಷ್ಠ ಮೆದುಬಿಂದುವಾದರೋ 47 ಡಿಗ್ರಿ. ಅಂದರೆ ಬೆಂಕಿಗೆ ಮೊದಲು ಸೋಲುವುದು ಗೆರೆಯಲ್ಲ, ರಸ್ತೆ.

ಮರಳನ್ನು ರಭಸವಾಗಿ ಎರಚಿ ತೆಗೆಯುವ ವಿಧಾನವೂ ಇದೆ. ಆದರೆ ಅದರ ಸಿಲಿಕಾ ಧೂಳು ಕೆಲಸಗಾರನ ಶ್ವಾಸಕೋಶವನ್ನು ಶಾಶ್ವತವಾಗಿ ಕೆಡಿಸಬಲ್ಲದು. ಒಬ್ಬನಿಗಾದ ಕೇಡನ್ನು ಸರಿಪಡಿಸಲು ಇನ್ನೊಬ್ಬನಿಗೆ ಕೇಡು ಮಾಡುವುದು ನ್ಯಾಯವಲ್ಲ. ಉಕ್ಕಿನ ಗುಂಡುಗಳನ್ನು ಎರಚಿ ಮತ್ತೆ ಒಳಗೆಳೆದುಕೊಳ್ಳುವ ಯಂತ್ರಗಳಿವೆ. ನೆಲ ಒಣಗಿರಬೇಕೆಂಬುದು ಅವುಗಳ ಕಟ್ಟಳೆ. ಎಲ್ಲಕ್ಕಿಂತ ಶುದ್ಧವಾದ ವಿಧಾನ ನೀರಿನದು. ವಿಮಾನ ನಿಲ್ದಾಣಗಳ ಓಡುದಾರಿಯಲ್ಲಿ ಚಕ್ರಗಳ ರಬ್ಬರನ್ನೂ ಹಳೆಯ ಬಣ್ಣವನ್ನೂ ತೆಗೆಯಲು 2,000 ಬಾರ್‌ಗೂ ಮೀರಿದ ಒತ್ತಡದಲ್ಲಿ ನೀರನ್ನು ಚಿಮ್ಮಿಸಿ, ಕಸವನ್ನೂ ನೀರನ್ನೂ ಅದೇ ವಾಹನದೊಳಗೆ ಹೀರಿಕೊಳ್ಳುತ್ತಾರೆ. ಅಂತಹ ವಾಹನವನ್ನು ನಮ್ಮ ಓಣಿಗೆ ತರಿಸುವ ಶಕ್ತಿ ನಮಗಿರಲಿಲ್ಲ.

ಕೊನೆಗೆ ನಮಗೆ ಒದಗಿದ್ದು ಗಟ್ಟಿ ಲೋಹದ ಹಲ್ಲುಗಳು ತಿರುಗುತ್ತ ಗೆರೆಯನ್ನು ಅರೆದು ತೆಗೆಯುವ ಯಂತ್ರ. ಮಳೆ ಬಿಡುವು ಕೊಟ್ಟ ಒಂದು ರಾತ್ರಿ ಬಾಡಿಗೆಗೆ ತರಿಸಿದೆವು. ಅದನ್ನು ನಡೆಸುವ ಅನುಭವಿ ಕೆಲಸಗಾರನಿಂದ ನಾವೊಂದು ಪಾಠ ಕಲಿತೆವು. ಬಾಣದ ಆಕಾರದಲ್ಲೇ ಅರೆದರೆ ರಸ್ತೆಯಲ್ಲಿ ಬಾಣದ ಆಕಾರದ ಗಾಯವೇ ಉಳಿಯುತ್ತದೆ. ನೀರು ನಿಂತಾಗ ಅದೇ ಮತ್ತೆ ಬಾಣವಾಗಿ ತೋರುತ್ತದೆ. ಆದ್ದರಿಂದ ಗುರುತಿನ ಸುತ್ತಲೂ ಒಂದು ಅಗಲವಾದ ಚೌಕವನ್ನೇ ಸಮವಾಗಿ ಕೆರೆಯಬೇಕು, ಆಕಾರವೇ ಇಲ್ಲವಾಗಬೇಕು. ಆತ ಆಳಕ್ಕೆ ಇಳಿಯದೆ, ತೆಳುವಾಗಿ, ಹಲವು ಬಾರಿ ಯಂತ್ರ ಓಡಿಸಿದ. ನಾವು ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ನೀರು ಚಿಮುಕಿಸಿ ಧೂಳನ್ನು ತಗ್ಗಿಸಿದೆವು. ರಾಳ, ಗಾಜಿನ ಮಣಿಗಳ ಪುಡಿಯನ್ನು ಚರಂಡಿಗೆ ಗುಡಿಸದೆ ಚೀಲಗಳಲ್ಲಿ ತುಂಬಿದೆವು. ಮಳೆಗಾಲ ಮುಗಿದ ಮೇಲೆ ಕೆರೆದ ಜಾಗಕ್ಕೆ ತೆಳುವಾದ ಡಾಂಬರು ಲೇಪ ಹಾಕಿ ಮೇಲೆ ಜಲ್ಲಿಪುಡಿ ಹರಡಲಾಯಿತು, ಹೊಳಪು ಉಳಿಯಬಾರದಲ್ಲವೇ?

ಕೆಲಸ ಮುಗಿದಿದೆಯೇ ಎಂದು ಹಗಲಿನಲ್ಲಿ, ಒಣನೆಲದಲ್ಲಿ ನೋಡಿ ನಿರ್ಧರಿಸಬಾರದೆಂಬುದು ನಮಗೆ ಈಗ ತಿಳಿದಿತ್ತು. ಮುಂದಿನ ಮಳೆ ಬಿದ್ದ ರಾತ್ರಿ ನಾವು ಪೇಟೆಯ ಕಡೆಯಿಂದ ಬೈಕಿನಲ್ಲಿ ಮೂರು ಬಾರಿ ಬಂದೆವು. ದೀಪವನ್ನು ತಗ್ಗಿಸಿಯೂ ಏರಿಸಿಯೂ ನೋಡಿದೆವು. ಬೆಳಗಿನ ಓರೆ ಬಿಸಿಲಿನಲ್ಲಿ ಇನ್ನೊಮ್ಮೆ ನೋಡಿದೆವು. ಒಂದೆಡೆ ಗೇಣುದ್ದದ ಬಿಳಿ ಉಳಿದಿತ್ತು. ಅದನ್ನೂ ಉಳಿಯಿಂದ ಕೆತ್ತಿ ತೆಗೆದೆವು.

ಪ್ರಿಯ ಓದುಗರೇ, ರಸ್ತೆಯಲ್ಲಿ ಗೆರೆಯೆಂಬುದು ಒಂದು ಮಾತು. ಇಲ್ಲಿ ಹೋಗು, ಇದು ಸುರಕ್ಷಿತ ಎಂದು ಅದು ಅಪರಿಚಿತನಿಗೆ ಹೇಳುತ್ತದೆ, ಆತ ನಂಬುತ್ತಾನೆ. ಆ ಮಾತು ಸುಳ್ಳಾದ ದಿನವೇ ಅದನ್ನು ಹಿಂತೆಗೆದುಕೊಳ್ಳುವುದು ಹೇಳಿದವನ ಹೊಣೆ. ಉರೂಸಿಗೆ, ಸಮ್ಮೇಳನಕ್ಕೆ, ಮದುವೆಗೆ, ವಾಹನ ನಿಲುಗಡೆಗೆ ನಮ್ಮವರು ಇಂದಿಗೂ ರಸ್ತೆಯಲ್ಲಿ ಗುರುತು ಹಾಕುತ್ತಾರೆ. ತಾತ್ಕಾಲಿಕ ಅಗತ್ಯಕ್ಕೆ ಕಿತ್ತು ತೆಗೆಯಬಹುದಾದ ಪಟ್ಟಿಯನ್ನೋ ಸುಣ್ಣವನ್ನೋ ಬಳಸಿರಿ. ಸಾರ್ವಜನಿಕ ರಸ್ತೆಯಾದರೆ ಅನುಮತಿ ಪಡೆಯಿರಿ. ಹಾಕುವ ದಿನವೇ, ಯಾರು ಯಾವಾಗ ತೆಗೆಯಬೇಕೆಂಬುದನ್ನು ಬರೆದಿಡಿರಿ. ಎಳೆಯಲು ಕೆಲವು ನಿಮಿಷಗಳು ಸಾಕಾದ ಗೆರೆಯನ್ನು ಅಳಿಸಲು ನಮಗೆ ಒಂದು ಇಡೀ ರಾತ್ರಿ ಬೇಕಾಯಿತು.

ಆ ಮೀನು ವ್ಯಾಪಾರಿ ನಾಲ್ಕು ತಿಂಗಳ ಬಳಿಕ ಮತ್ತೆ ಕೆಲಸಕ್ಕೆ ಹೊರಟರು. ಭಾರ ಎತ್ತುವಾಗ ಅವರ ಭುಜ ಈಗಲೂ ನೋಯುತ್ತದೆ. ಮುಂಜಾನೆ ಮಸೀದಿಯ ಮುಂದೆ ಹಾದುಹೋಗುವಾಗ ವೇಗ ತಗ್ಗಿಸುತ್ತಾರೆ. ನಮ್ಮನ್ನು ಕಂಡರೆ ಹಾರ್ನ್ ಒತ್ತಿ ಮುಂದೆ ಸಾಗುತ್ತಾರೆ. ಅವರು ನಮ್ಮನ್ನು ಕ್ಷಮಿಸಿದ್ದಾರೆಂದು ನಾವು ನಂಬಿದ್ದೇವೆ. ಆದರೆ ಕೇಳಿ ಖಚಿತಪಡಿಸಿಕೊಳ್ಳುವ ಧೈರ್ಯ ಇನ್ನೂ ಬಂದಿಲ್ಲ. ನಾವು ಮುಚ್ಚಿಟ್ಟದ್ದನ್ನು ತೆಗೆದುಹಾಕುವ ಧೈರ್ಯವನ್ನು ಅಲ್ಲಾಹನು ನಮಗೂ ನಿಮಗೂ ಕರುಣಿಸಲಿ. ಆಮೀನ್.