ನಮ್ಮ ಹುಡುಗ, ಚಲೋ ಅದಾನ

ಉತ್ತರ ಕರ್ನಾಟಕದವರಿಗೆ ಪುಣೆ ಪರದೇಶವೇನಲ್ಲ. ರಾತ್ರಿ ವಿಜಯಪುರದಲ್ಲಿ ಬಸ್ಸು ಹತ್ತಿದರೆ ಸೊಲ್ಲಾಪುರ ದಾಟುವಾಗ ನಿದ್ದೆ, ಕಣ್ಣು ಬಿಟ್ಟರೆ ಪುಣೆಯ ಚಹಾ. ಗದಗಿನ ಕಡೆಯಿಂದ ಬಂದ ಭೀಮಸೇನ ಜೋಶಿಯವರು ಇಲ್ಲೇ ಮನೆ ಮಾಡಿದರು. 1953ರಲ್ಲಿ ಅವರು ಆರಂಭಿಸಿದ ಸಂಗೀತೋತ್ಸವಕ್ಕೆ ಕುಂದಗೋಳದ ತಮ್ಮ ಗುರು ಸವಾಯಿ ಗಂಧರ್ವರ ಹೆಸರು. ಗುರುಗಳ ಆ ಹೆಸರಾದರೂ ಬೇರೆಯವರು ಕೊಟ್ಟ ಬಿರುದು. ನಮ್ಮಲ್ಲಿ ಪದ್ಧತಿಯೇ ಹಾಗೆ. ನಮ್ಮ ಗುಣವನ್ನು ನಾಲ್ಕು ಜನ ಹೇಳಬೇಕು, ನಾವು ತಲೆ ತಗ್ಗಿಸಿ ಕೂತಿರಬೇಕು.

ಪಿಂಪ್ರಿ-ಚಿಂಚವಾಡದ ಕಾರ್ಖಾನೆಗಳಿಗೆ ನಮ್ಮ ಹಿಂದಿನ ತಲೆಮಾರಿನವರು ಸೇರಿದ್ದೂ ಹೀಗೆಯೇ. ಊರಿನ ಯಾರೋ ಒಬ್ಬರು ಮೊದಲೇ ಒಳಗಿರುತ್ತಿದ್ದರು. "ನಮ್ಮ ಹುಡುಗ ಅದಾನ್ರಿ, ಚಲೋ ಅದಾನ" ಅಂತ ಒಂದು ಮಾತು ಹಾಕಿದರೆ ಅರ್ಧ ಕೆಲಸ ಆದಂತೆ.

ನನ್ನ ತಂಗಿಯ ಮಗನ ಕಾಲಕ್ಕೆ ಆ ಮಾತು ಹಾಕುವವರು ಯಾರೂ ಇರಲಿಲ್ಲ. ಹಿಂಜವಡಿಯ ಒಂದು ಕಂಪನಿಯಲ್ಲಿ ನಾಲ್ಕು ವರ್ಷದಿಂದ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದ. ಪ್ರಾಜೆಕ್ಟ್ ಮುಗಿಯಿತು, ಎರಡು ತಿಂಗಳಲ್ಲಿ ಬೇರೆ ಕಡೆ ನೋಡಿಕೋ ಅಂದರು. ವಾಕಡದಲ್ಲಿ ಕೋಣೆ ಬಾಡಿಗೆ, ತಲೆಯ ಮೇಲೆ ಓದಿನ ಸಾಲದ ಕಂತು. ಒಂದು ಭಾನುವಾರ ಕೋಥರೂಡದ ನಮ್ಮ ಮನೆಗೆ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದ.

"ಮಾಮಾ, ಪ್ರೊಫೈಲ್ ಹಾಕಿ ತಿಂಗಳಾತು. ಒಂದ್ ಫೋನ್ ಬಂದಿಲ್ರಿ."

ಲಿಂಕ್ಡ್‌ಇನ್‌ನಲ್ಲಿ ಹೆಸರಿನ ಕೆಳಗೆ 220 ಅಕ್ಷರಗಳ ಜಾಗವಿದೆ. ಇವನು ಬರೆದದ್ದು 'ಸಾಫ್ಟ್‌ವೇರ್ ಎಂಜಿನಿಯರ್' ಅಂತ ಎರಡೇ ಶಬ್ದ. ಹಿಂಜವಡಿಯಲ್ಲಿ ಕಲ್ಲು ಒಗೆದರೆ ಅಂಥವನೊಬ್ಬನ ತಲೆಗೇ ಬೀಳುತ್ತದೆ. ಕೆಳಗೆ 'ಪರಿಶ್ರಮಿ, ಪ್ರಾಮಾಣಿಕ' ಅಂತ ಇಂಗ್ಲಿಷಿನಲ್ಲಿ ಒಂದು ಸಾಲು. ಭಾಷೆಗಳ ಜಾಗದಲ್ಲಿ ಇಂಗ್ಲಿಷ್, ಹಿಂದಿ. ಕನ್ನಡ, ಮರಾಠಿ ಎರಡೂ ನಾಪತ್ತೆ!

ಕೆಲಸಕ್ಕೆ ಜನ ಹುಡುಕುವವರು ಪ್ರೊಫೈಲ್‌ಗಳನ್ನು ಒಂದೊಂದಾಗಿ ಓದುತ್ತ ಕೂಡುವುದಿಲ್ಲ. ನೌಕರಿಯಾಗಲಿ ಲಿಂಕ್ಡ್‌ಇನ್ ಆಗಲಿ, ಹುಡುಕುವ ಪೆಟ್ಟಿಗೆಯಲ್ಲಿ 'ಸೆಲೆನಿಯಂ, ಜಾವಾ, 4 ವರ್ಷ, ಪುಣೆ' ಎಂದು ಒತ್ತುತ್ತಾರೆ. ಆ ಶಬ್ದ ನಿಮ್ಮ ಪುಟದಲ್ಲಿ ಇಲ್ಲವೆಂದರೆ ನೀವೂ ಇಲ್ಲ. ಇತ್ತೀಚೆಗೆ ಪುಟ ತೆರೆದು ನೋಡಿದವರನ್ನಷ್ಟೇ ಸೋಸಿ ತೆಗೆಯುವುದೂ ಉಂಟು. ಪರಿಶ್ರಮಿ ಬೇಕು ಅಂತ ಯಾರೂ ಹುಡುಕುವುದಿಲ್ಲ.

"ಆ ಪ್ರಾಜೆಕ್ಟಿನ್ಯಾಗ ನೀ ಏನ್ ಮಾಡಿದಿ?" ಅಂದೆ.

"ನಾವೆಲ್ಲಾ ಕೂಡಿ ಟೆಸ್ಟಿಂಗ್ ಮಾಡಿದ್ವಿ."

"ನೀ ಏನ್ ಮಾಡಿದಿ?"

ಮೂರು ಸಲ ಚಹಾ ಆದ ಮೇಲೆ ವಿಷಯ ಹೊರಬಂತು. ವಿಮೆಯ ಸಾಫ್ಟ್‌ವೇರ್ ಅದು. ಪ್ರತಿ ಸಲ ಹೊಸದು ಬಿಡುವ ಮುಂಚೆ ಕೈಯಿಂದ ಪರೀಕ್ಷಿಸಲು ಎರಡು ದಿನ ಬೇಕಾಗುತ್ತಿತ್ತು. ಇವನೊಬ್ಬನೇ ಕೂತು ಸ್ಕ್ರಿಪ್ಟ್ ಬರೆದು ಅದನ್ನು ನಾಲ್ಕು ತಾಸಿಗೆ ಇಳಿಸಿದ್ದ.

"ಇದನ್ನ ಬರಿಯೋ ಮಾರಾಯಾ!"

"ಹೊಗಳ್ಕೊಂಡಂಗ ಆಗೂದಿಲ್ಲೇನ್ರಿ? ನಾಚಿಕಿ ಬರ್ತದ."

"ಹೊಗಳಿಕಿ ಅಲ್ಲ, ಲೆಕ್ಕಾ."

ಲೆಕ್ಕ ಅಂದ ಮೇಲೆ ಅವನ ಬೆರಳು ಓಡಿದವು. ಗೆಳೆಯನೊಬ್ಬ ಹೇಳಿದನೆಂದು, ಮುಟ್ಟಿಯೇ ನೋಡದ ಎರಡು ಸಾಫ್ಟ್‌ವೇರ್‌ಗಳ ಹೆಸರನ್ನೂ ಸೇರಿಸಲು ಹೋದ. ಇಂಟರ್‌ವ್ಯೂದಲ್ಲಿ ಮೊದಲ ಪ್ರಶ್ನೆಗೇ ಗುಟ್ಟು ರಟ್ಟಾಗುತ್ತದೆ ಅಂತ ತೆಗೆಸಿದೆ. ಕನ್ನಡ, ಮರಾಠಿ ಸೇರಿದವು. ಊರಿನ ಜಾಗದಲ್ಲಿ ಪುಣೆಯನ್ನೇ ಮೊದಲು ಹಾಕಿದ. "ಬೆಂಗಳೂರಿಗಿಂತ ಅವ್ವಗ ಇದ ಹತ್ರ" ಅಂದ. ನಕಾಶೆ ನೋಡಿದರೆ ಅದೂ ನಿಜವೇ.

ಉಳಿದದ್ದು ಕೆಲಸ ಹುಡುಕುತ್ತಿದ್ದೇನೆಂದು ತೋರಿಸುವ ಹಸಿರು ಪಟ್ಟಿ. ನೌಕರಿ ಕೊಡಿಸುವವರಿಗೆ ಮಾತ್ರ ಕಾಣುವಂತೆಯೂ ಇಡಬಹುದು. ಆದರೆ ಈಗಿರುವ ಕಂಪನಿಗೆ ಗೊತ್ತೇ ಆಗುವುದಿಲ್ಲವೆಂಬ ಖಾತ್ರಿಯನ್ನು ಲಿಂಕ್ಡ್‌ಇನ್ ಕೊಡುವುದಿಲ್ಲ. ಇವನಿಗೋ ಕಂಪನಿಯೇ ಹೋಗು ಅಂದಾಗಿತ್ತು, ಮುಚ್ಚಿಡುವುದೇನು? ಫೋಟೋ ಸುತ್ತ ಹಸಿರು ಬಳಿದೆವು. ಸುದ್ದಿ ಕೇಳಿ ತಂಗಿ ಫೋನಿನಲ್ಲೇ ಹರಿಹಾಯ್ದಳು: "ಅಣ್ಣಾ, ಹುಡುಗಗ ಕೆಲಸಾ ಇಲ್ಲಂತ ಊರಿಗೆಲ್ಲಾ ಡಂಗುರಾ ಹೊಡೀತೀರೇನು?"

ಹಳೆಯ ಪದ್ಧತಿ ಪೂರ್ತಿ ಸತ್ತಿಲ್ಲ ಅನ್ನುವುದು ಕೊನೆಗೆ ತಿಳಿಯಿತು. ಜೊತೆಗೆ ಕೆಲಸ ಮಾಡಿದವರು ಶಿಫಾರಸು ಬರೆಯಲು ಲಿಂಕ್ಡ್‌ಇನ್‌ನಲ್ಲಿ ಜಾಗವಿದೆ. ಕೇಳಲು ಇವನಿಗೆ ಸಂಕೋಚ. ಕೇಳಿದ ಮರುದಿನವೇ ಸಾತಾರೆಯ ಕಡೆಯ ಅವನ ಟೀಮ್ ಲೀಡ್ ಬಾಯಿ ನಾಲ್ಕು ಸಾಲು ಬರೆದಳು. ಎರಡು ದಿನದ ಕೆಲಸ ನಾಲ್ಕು ತಾಸಿಗೆ ಇಳಿದದ್ದು ಅದರಲ್ಲೂ ಇತ್ತು. ಕನ್ನಡಕ್ಕೆ ಇಳಿಸಿದರೆ ಅದೇ ಮಾತು: ನಮ್ಮ ಹುಡುಗ, ಚಲೋ ಅದಾನ. ಆದರೆ ತನ್ನ ಲೆಕ್ಕವನ್ನು ತಾನು ಮೊದಲು ಮುಂದಿಟ್ಟವನಿಗೆ ಸಾಕ್ಷಿ ಹೇಳುವುದು ಸುಲಭ.

ಎರಡು ತಿಂಗಳಿಗೆ ಇನ್ನು ಹನ್ನೊಂದು ದಿನ ಇರುವಾಗ ಖರಾಡಿಯ ಒಂದು ಕಂಪನಿ ಆಫರ್ ಕೊಟ್ಟಿತು. ನಮ್ಮ ಮನೆಯಿಂದಲೇ ಅವ್ವನಿಗೆ ಫೋನ್ ಮಾಡಿದ. ಅವಳು ಮೊದಲು ಕೇಳಿದ್ದು, "ಯಾರು ಹೇಳಿ ಕೊಡಿಸಿದ್ರೋ?"

ಅವನು ನನ್ನ ಮುಖ ನೋಡಿದ. ನಾನು ಸುಮ್ಮನಿದ್ದೆ.

"ಯಾರೂ ಇಲ್ಲಬೇ. ನಾನ ಹೇಳ್ಕೊಂಡೆ."