ಹಟಮಾರಿ ಮುಚ್ಚಳ

ಗಾಲಿಯ ಹಿರಿಮೆಯನ್ನು ಹೊಗಳುವವರು ಅನೇಕರಿದ್ದಾರೆ. ಗಾಲಿಯ ನಡುವೆ ಕುಳಿತ ಮುಚ್ಚಳದ ಕಡೆಗೆ ಕಣ್ಣು ಹಾಯಿಸುವವರು ವಿರಳ. ಎತ್ತಿನ ಬಂಡಿಗೆ ಈ ಮುಚ್ಚಳದ ಗೊಡವೆಯಿಲ್ಲ. ಅಚ್ಚಿನ ತುದಿಯ ಕಡಾಣಿಯನ್ನು ಕಿತ್ತು, ಗಾಲಿಯನ್ನು ಈಚೆಗೆ ಸರಿಸಿ, ಕೀಲೆಣ್ಣೆ ಹಚ್ಚಿದರೆ ರೈತನ ಕೆಲಸ ಮುಗಿಯಿತು. ಲಾರಿಯ ಗಾಲಿಯ ಗುಂಭ ಅಷ್ಟು ಸರಳವಾದುದಲ್ಲ. ಅದರೊಳಗೆ ಒಂದು ಕಡೆಗೆ ಸಪುರವಾಗುತ್ತ ಹೋಗುವ ಉರುಳೆಗಳಿಂದ ಕೂಡಿದ ಬೇರಿಂಗುಗಳಿರುತ್ತವೆ. ಇಂಥ ಬೇರಿಂಗಿಗೆ 1898ರಲ್ಲಿ ಪೇಟೆಂಟು ಪಡೆದವರಲ್ಲಿ ಒಬ್ಬನಾದ ಹೆನ್ರಿ ಟಿಮ್ಕೆನ್, ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಕುದುರೆಗಾಡಿಗಳನ್ನು ತಯಾರಿಸುತ್ತಿದ್ದವನು. ಬೇರಿಂಗಿಗೆ ಗ್ರೀಸು ಬೇಕು. ಗ್ರೀಸಿಗೆ ದೂಳು, ನೀರು ತಾಕಬಾರದು. ಆ ಕಾವಲಿಗಾಗಿಯೇ ಮುಚ್ಚಳ.

ಹಿರಿಯೂರಿನ ಸಮೀಪ, ಪುಣೆ–ಬೆಂಗಳೂರು ಹೆದ್ದಾರಿಯ ಬದಿಯಲ್ಲಿ ಒಂದು ಸಣ್ಣ ಗ್ಯಾರೇಜು ಇದೆ. ಅಲ್ಲಿನ ಬೆಂಚಿನ ಮೇಲೆ ಕುಳಿತು ಕೆಲಸ ನೋಡುವುದು ನನಗೆ ಪ್ರಿಯವಾದ ಹವ್ಯಾಸ. ಒಂದು ಸಂಜೆ ಚಳ್ಳಕೆರೆಯ ಕಡೆಯಿಂದ ಈರುಳ್ಳಿ ತುಂಬಿದ ಲಾರಿಯೊಂದು ಬಂದು ನಿಂತಿತು. ಬೆಳಗಾಗುವುದರೊಳಗೆ ಅದು ಯಶವಂತಪುರದ ಮಾರುಕಟ್ಟೆಯನ್ನು ಸೇರಬೇಕಾಗಿತ್ತು. ಆದರೆ ಮುಂದಿನ ಒಂದು ಗಾಲಿಯ ಗುಂಭ ಕೈ ಇಡಲಾರದಷ್ಟು ಕಾದಿತ್ತು. ಸುಟ್ಟ ಗ್ರೀಸಿನ ವಾಸನೆ ಬರುತ್ತಿತ್ತು. ಓಟದ ನಡುವೆ ಬೇರಿಂಗು ಒಡೆದರೆ ಗಾಲಿಯೇ ಕಳಚಿಹೋಗಬಹುದು. ಆಗ ಲಾರಿಯಲ್ಲಿದ್ದವರ ಜೀವಕ್ಕೆ ಮಾತ್ರವಲ್ಲ, ಎದುರಿಗೆ ಬರುವವರ ಜೀವಕ್ಕೂ ಅಪಾಯ. ಮುಚ್ಚಳ ತೆಗೆಯದೆ ಒಳಗಿನ ಸ್ಥಿತಿ ತಿಳಿಯುವಂತಿರಲಿಲ್ಲ.

ಬೋಲ್ಟುಗಳೆಲ್ಲ ಬಿಚ್ಚಿದವು; ಮುಚ್ಚಳ ಮಾತ್ರ ಅಲುಗಲಿಲ್ಲ. ಕ್ಲೀನರ್ ಹುಡುಗ ದೊಡ್ಡ ಸುತ್ತಿಗೆಯನ್ನೆತ್ತಿದ. ಮುದುಕ ಮೇಸ್ತ್ರಿ ಅವನ ಕೈ ಹಿಡಿದರು.

“ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಕೆಳಗಿಡು ತಮ್ಮಾ. ಇದು ಎರಕದ್ದು, ಒಡೆದರೆ ಈ ಹೊತ್ತಿನಲ್ಲಿ ಇನ್ನೊಂದನ್ನು ಎಲ್ಲಿಂದ ತರುತ್ತೀ?”

“ಬೆಂಕಿ ತೋರಿಸಿದರೆ ಸಡಿಲವಾಗುವುದಿಲ್ಲವೇ, ಮೇಸ್ತ್ರಿ?” ಎಂದ ಡ್ರೈವರ್.

ಅವನ ಮಾತು ಸುಳ್ಳಲ್ಲ. 100 ಮಿಲಿಮೀಟರು ಅಡ್ಡಳತೆಯ ಉಕ್ಕಿನ ಬಳೆಯನ್ನು 100 ಡಿಗ್ರಿಗಳಷ್ಟು ಹೆಚ್ಚು ಕಾಯಿಸಿದರೆ ಅದು ಸುಮಾರು 0.12 ಮಿಲಿಮೀಟರು ಹಿಗ್ಗುತ್ತದೆ. ಬಿಗಿ ಬಿಡಲು ಕೆಲವೆಡೆ ಅಷ್ಟೇ ಸಾಕು. ಆದರೆ ಮೇಸ್ತ್ರಿ ತಲೆಯಾಡಿಸಿದರು. “ಒಳಗೆ ಗ್ರೀಸು, ಸುತ್ತ ಗಾಳಿ ತುಂಬಿದ ಟೈರು. ಕಾದ ಟೈರು ಸಿಡಿದರೆ ಮನುಷ್ಯ ಉಳಿಯುವುದಿಲ್ಲಪ್ಪ. ಮೊದಲು ಅದು ತಣ್ಣಗಾಗಲಿ.”

ಗುಂಭ ತಣಿದ ಮೇಲೆ ಅವರು ತಂತಿಯ ಬ್ರಷ್ಷಿನಿಂದ ಸಂದನ್ನು ಉಜ್ಜಿ, ಸುತ್ತಲೂ ಹನಿಹನಿಯಾಗಿ ಸೀಮೆಎಣ್ಣೆ ಬಿಟ್ಟರು. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹೆಚ್ಚು ಜಾಗವನ್ನು ಆಕ್ರಮಿಸುತ್ತದೆ. ಸಂದಿನಲ್ಲಿ ಬೆಳೆದ ತುಕ್ಕು ಬೆಣೆಯಂತೆ ಬಿಗಿದುಕೊಳ್ಳುತ್ತದೆ. ತೆಳುವಾದ ಸೀಮೆಎಣ್ಣೆ ಕೂದಲೆಳೆಯಷ್ಟು ಬಿರುಕಿನಲ್ಲಿಯೂ ತಾನಾಗಿ ಇಳಿಯುತ್ತದೆ. ಅದಕ್ಕೆ ಬೇಕಾದುದು ಸಮಯ. ಎಲ್ಲರೂ ಚಹ ಕುಡಿದರು. ಆಮೇಲೆ ಮೇಸ್ತ್ರಿ ಮುಚ್ಚಳದ ಅಂಚಿಗೆ ಮರದ ತುಂಡನ್ನಿಟ್ಟು, ಒಂದೇ ಕಡೆ ಬಡಿಯದೆ, ಸುತ್ತಲೂ ಹಗುರವಾಗಿ ತಟ್ಟುತ್ತ ಬಂದರು.

“ಅಣ್ಣಾ, ಇಲ್ಲಿ ಎರಡು ಬೋಲ್ಟು ಬಿದ್ದುಹೋಗಿವೆ,” ಎಂದ ಹುಡುಗ. ಕೊಳೆ ತುಂಬಿದ ಎರಡು ತೂತುಗಳು ಎದುರುಬದುರಾಗಿ ಕಾಣುತ್ತಿದ್ದವು.

“ಬಿದ್ದಿಲ್ಲ. ತೆಗೆಯುವವರಿಗೆಂದೇ ಬಿಟ್ಟ ತೂತುಗಳವು,” ಎಂದು ಮೇಸ್ತ್ರಿ ನಕ್ಕರು. ಮೊಳೆಯಿಂದ ಕೊಳೆಯನ್ನು ಕೆದಕಿ, ತಿರುಪು ಹೊಂದುವ ಎರಡು ಬೋಲ್ಟುಗಳನ್ನು ಅವುಗಳಲ್ಲಿ ಕೂರಿಸಿದರು. ಇದಕ್ಕೆ ಅರ್ಧ ಸುತ್ತು, ಅದಕ್ಕೆ ಅರ್ಧ ಸುತ್ತು. ಬೋಲ್ಟಿನ ತುದಿಗಳು ಹಿಂದಿನ ಗುಂಭವನ್ನು ಒತ್ತಿದಂತೆಲ್ಲ ಮುಚ್ಚಳ ಈಚೆಗೆ ಸರಿಯಿತು. ಸುತ್ತಿಗೆಗೆ ಜಗ್ಗದುದು ಹುಡುಗನ ಕೈಯ ಪಾನಾಕ್ಕೆ ಮಣಿಯಿತು.

ಒಳಗೆ ಗ್ರೀಸು ಒಣಗಿ ಕಪ್ಪಾಗಿತ್ತು, ಉರುಳೆಗಳು ನೀಲಿಗಟ್ಟಿದ್ದವು. ಡ್ರೈವರ್ ಬಹಳ ಹೊತ್ತು ಮಾತನಾಡಲಿಲ್ಲ. ಹೊಸ ಬೇರಿಂಗು ಕೂರಿಸಿ, ಸಂದನ್ನು ಶುಚಿಗೊಳಿಸಿ, ಹೊಸ ಪ್ಯಾಕಿಂಗ್ ಇಟ್ಟು ಮುಚ್ಚಳವನ್ನು ಬಿಗಿದಾಗ ನಡುರಾತ್ರಿ. ಲಾರಿ ಬೆಂಗಳೂರಿನ ಕಡೆಗೆ ಹೊರಟಿತು.

ಎಲ್ಲ ಮುಚ್ಚಳಗಳಿಗೂ ಇಂಥ ತೂತುಗಳಿರುವುದಿಲ್ಲ. ಇರುವಲ್ಲಿ, ಅವುಗಳನ್ನಿಟ್ಟ ಶಿಲ್ಪಿಯ ಹೆಸರು ನಮಗೆ ತಿಳಿಯದು. ಮುಚ್ಚುವ ಕೆಲಸದಲ್ಲಿದ್ದಾಗಲೇ ಅವನು, ಮುಂದೆಂದೋ ಅದನ್ನು ತೆಗೆಯಬೇಕಾದವರ ಕಷ್ಟವನ್ನು ನೆನೆದಿದ್ದಾನೆ. ನಮ್ಮ ರೈತರಲ್ಲಿಯೂ ಈ ವಿವೇಕವುಂಟು. ದನವನ್ನು ಗೂಟಕ್ಕೆ ಕಟ್ಟುವಾಗ ಅವರು, ತುದಿಯನ್ನು ಎಳೆದೊಡನೆ ಬಿಚ್ಚಿಕೊಳ್ಳುವ ಗಂಟು ಹಾಕುತ್ತಾರೆ. ದನ ಎಷ್ಟು ಜಗ್ಗಿದರೂ ಆ ಗಂಟು ಬಿಡದು. ಕೊಟ್ಟಿಗೆಗೆ ಬೆಂಕಿ ಬಿದ್ದ ರಾತ್ರಿ, ಕತ್ತಲಲ್ಲಿ ತಡಕಾಡುವ ಮಗುವಿನ ಕೈಗೂ ಅದು ಬಿಚ್ಚಿಬರುತ್ತದೆ.